ಮೊದಲು ಆದೇಶದ ಕಾಗದ ನೋಡಿ: ಕರೆದದ್ದು ಗವರ್ನರಾ, ಅಧ್ಯಕ್ಷರಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ 2017ರ ನಮ್ಮ ಮನೆ ಕಣ್ಣ ಮುಂದೆ ಬಂತು. ನಿಮ್ಮ ತಮ್ಮ ಅಮೆರಿಕದ ಟೆಕ್ಸಾಸ್ ಆರ್ಮಿ ನ್ಯಾಷನಲ್ ಗಾರ್ಡ್, ಅಂದರೆ ಕರೆದಾಗ ಹೋಗುವ ಆ ರಾಜ್ಯದ ಅರೆಕಾಲಿಕ ಸೇನೆ, ಸೇರಿ ಎರಡು ವರ್ಷ ಆಗಿದೆ, ಉಳಿದ ದಿನಗಳಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ ಅಂತ ಬರೆದಿದ್ದೀರಿ. ಚಂಡಮಾರುತಕ್ಕೋ ನೆರೆಗೋ ಕರೆದರೆ ಆ ಕೆಲಸ ಉಳಿಯುತ್ತಾ? ಮುಂದೆ ಮಾಜಿ ಸೈನಿಕ ಅಂತ ಏನಾದರೂ ಸಿಗುತ್ತಾ? ಸೇನೆ ಅಂದಮೇಲೆ ಎಲ್ಲ ಫೆಡರಲ್ (ಕೇಂದ್ರ) ಸರ್ಕಾರದ್ದೇ ಅಲ್ವಾ, ರಾಜ್ಯದ ಕಾನೂನಿಗೆ ಇಲ್ಲೇನು ಕೆಲಸ? ಇದು ನಿಮ್ಮ ಪ್ರಶ್ನೆ.

ನಾನು ವಕೀಲೆ ಅಲ್ಲ. ನನ್ನ ಮಗ ಇದೇ ಗಾರ್ಡ್‌ನಲ್ಲಿ ಇದ್ದ. ಅವನಿಗಾಗಿ ಕಾಗದ ಹಿಡಿದುಕೊಂಡು ಓಡಾಡಿದವಳು ನಾನು. ಆ ಓಡಾಟದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಗಾರ್ಡ್‌ನಲ್ಲಿ ಇರುವವರಿಗೆ ಇಬ್ಬರು ಯಜಮಾನರು. ಒಬ್ಬರು ರಾಜ್ಯದ ಗವರ್ನರ್, ಇನ್ನೊಬ್ಬರು ದೇಶದ ಅಧ್ಯಕ್ಷರು. ಕರೆ ಬರುವುದು ಮೂರು ದಾರಿಯಲ್ಲಿ. ಹೊರದೇಶದ ಕೆಲಸಕ್ಕೆಲ್ಲ ಅಧ್ಯಕ್ಷರು ಕರೆದರೆ ಅದಕ್ಕೆ ‘ಟೈಟಲ್ 10’ ಅನ್ನುತ್ತಾರೆ. ಗವರ್ನರ್ ಕೈಕೆಳಗೆ ಇದ್ದು, ಸಂಬಳ ಮಾತ್ರ ಫೆಡರಲ್ ಸರ್ಕಾರದಿಂದ ಬಂದರೆ ‘ಟೈಟಲ್ 32’. ತಿಂಗಳಿಗೊಮ್ಮೆ ಶನಿವಾರ ಭಾನುವಾರ ಮಾಡುವ ಡ್ರಿಲ್ ಈ ಲೆಕ್ಕಕ್ಕೆ ಬರುತ್ತದೆ. ಗವರ್ನರೇ ಕರೆದು ರಾಜ್ಯವೇ ಸಂಬಳ ಕೊಟ್ಟರೆ ಅದು ‘ಸ್ಟೇಟ್ ಆಕ್ಟಿವ್ ಡ್ಯೂಟಿ’. ಹಾಕುವ ಸಮವಸ್ತ್ರ ಒಂದೇ, ಹತ್ತುವ ಟ್ರಕ್ಕೂ ಒಂದೇ. ಆದರೆ ಕೆಲಸದ ಭದ್ರತೆ, ಗಾಯವಾದರೆ ಸಿಗುವ ಪರಿಹಾರ, ಮುಂದಿನ ಓದಿನ ಖರ್ಚು, ಎಲ್ಲವೂ ಈ ಮೂರರಲ್ಲಿ ಯಾವುದು ಅನ್ನುವುದರ ಮೇಲೆ ಬದಲಾಗುತ್ತದೆ.

ಇದು ನಮಗೆ ಗೊತ್ತಾದದ್ದು ಪೆಟ್ಟು ತಿಂದಮೇಲೆ. 2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಟೆಕ್ಸಾಸ್ ಕರಾವಳಿಗೆ ಅಪ್ಪಳಿಸಿತು. ಹ್ಯೂಸ್ಟನ್ ಮುಳುಗಿತು. ಗವರ್ನರ್ ಇಡೀ ಟೆಕ್ಸಾಸ್ ಗಾರ್ಡ್ ಅನ್ನು, ಸುಮಾರು 12,000 ಜನರನ್ನು, ಕರೆದರು. ನನ್ನ ಮಗನೂ ಹೋದ. ಮೂರು ವಾರದ ಮೇಲೆ ವಾಪಸ್ ಬಂದಾಗ ಬೂಟುಗಳನ್ನು ಗ್ಯಾರೇಜಿನಲ್ಲೇ ಬಿಟ್ಟ. ಚರಂಡಿ ನೀರು, ಡೀಸೆಲ್ಲು, ಕೊಳೆತ ಕಾರ್ಪೆಟ್ಟು ಎಲ್ಲ ಸೇರಿದ ವಾಸನೆ. ಎಷ್ಟು ತೊಳೆದರೂ ಹೋಗಲಿಲ್ಲ. ಮಾರನೇ ದಿನ ಕೆಲಸಕ್ಕೆ ಹೋದವನು ಮಧ್ಯಾಹ್ನವೇ ಮನೆಗೆ ಬಂದು ಅಡುಗೆಮನೆಯ ಮೇಜಿನ ಹತ್ತಿರ ಸುಮ್ನೆ ಕೂತ. ‘ನೀನು ಹೋಗಿದ್ದು ರಾಜ್ಯದ ಕೆಲಸಕ್ಕೆ, ಫೆಡರಲ್ ಕಾನೂನು ನಿನಗೆ ಅನ್ವಯಿಸಲ್ಲ, ನಿನ್ನ ಜಾಗಕ್ಕೆ ಬೇರೆಯವರನ್ನು ತಗೊಂಡಿದ್ದೀವಿ’ ಅಂತ ಮ್ಯಾನೇಜರ್ ಹೇಳಿದ್ದರು.

ಸಂಕಟ ಏನೆಂದರೆ, ಅವರು ಹೇಳಿದ ಮೊದಲ ಅರ್ಧ ಆಗ ನಿಜವೇ ಆಗಿತ್ತು. ಸೇನೆಯ ಕೆಲಸಕ್ಕೆ ಹೋದವರ ನೌಕರಿಯನ್ನು ಕಾಯುವ ಫೆಡರಲ್ ಕಾನೂನು 1994ರದ್ದು. ಅದನ್ನು ಎಲ್ಲರೂ ‘ಯುಸೆರಾ’ ಅನ್ನುತ್ತಾರೆ. ಡ್ರಿಲ್‌ಗೆ ಹೋದರೂ, ಹೊರದೇಶಕ್ಕೆ ಹೋದರೂ ಅದು ರಕ್ಷಣೆ ಕೊಡುತ್ತಿತ್ತು. ಗವರ್ನರ್ ಕರೆದ ಸ್ಟೇಟ್ ಆಕ್ಟಿವ್ ಡ್ಯೂಟಿಗೆ ಮಾತ್ರ ಕೊಡುತ್ತಿರಲಿಲ್ಲ. ಅಕ್ಕಪಕ್ಕದ ಊರಿನವರನ್ನು ದೋಣಿಯಲ್ಲಿ ಎತ್ತಿಕೊಂಡು ಬಂದ ಹುಡುಗರಿಗೇ ಆ ಕಾನೂನಿನಲ್ಲಿ ಜಾಗ ಇರಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವನನ್ನು ಕಾಪಾಡಿದ್ದು ರಾಜ್ಯದ ಕಾನೂನು. ಗಾರ್ಡ್‌ನಲ್ಲೇ ಸೈನಿಕರಿಗೆ ಅಂತ ಇರುವ ವಕೀಲರನ್ನು ಹೋಗಿ ಕಂಡ. ಅವರು ಟೆಕ್ಸಾಸ್ ಗವರ್ನಮೆಂಟ್ ಕೋಡ್‌ನ 437ನೇ ಅಧ್ಯಾಯ ತೆಗೆದು ತೋರಿಸಿದರು. ಗಾರ್ಡ್‌ನಲ್ಲಿ ಇರುವವರನ್ನು ತರಬೇತಿಗೋ ಡ್ಯೂಟಿಗೋ ಕರೆದರು ಅನ್ನುವ ಕಾರಣಕ್ಕೆ ಖಾಸಗಿ ಕಂಪನಿ ಕೆಲಸದಿಂದ ತೆಗೆಯುವ ಹಾಗಿಲ್ಲ. ವಾಪಸ್ ಬಂದಾಗ ಅದೇ ಕೆಲಸ ಕೊಡಬೇಕು. ರಜೆಯಲ್ಲಾಗಲೀ ಬೇರೆ ಸೌಲಭ್ಯದಲ್ಲಾಗಲೀ ಏನೂ ಕಡಿತ ಮಾಡುವ ಹಾಗಿಲ್ಲ. ನಮ್ಮ ಕಡೆಯಿಂದ ಬೇಕಾದದ್ದು ಇಷ್ಟೇ: ಡ್ಯೂಟಿ ಮುಗಿದಮೇಲೆ ತಡ ಮಾಡದೆ ‘ನಾನು ಕೆಲಸಕ್ಕೆ ವಾಪಸ್ ಬರುತ್ತೇನೆ’ ಅಂತ ಕಂಪನಿಗೆ ತಿಳಿಸಬೇಕು. ಮಗ ಹೊರಡುವ ದಿನವೂ, ಮರಳಿದ ದಿನವೂ ಇಮೇಲ್ ಹಾಕಿದ್ದ. ಆ ಎರಡು ಇಮೇಲ್ ಇಲ್ಲದಿದ್ದರೆ ನಮ್ಮ ಕೈಯಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ. ವಕೀಲರ ಒಂದು ಪುಟದ ಪತ್ರ ಹೋಯಿತು. ವಾರದೊಳಗೆ ಅವನು ತನ್ನ ಕುರ್ಚಿಯಲ್ಲೇ ಕೂತಿದ್ದ.

2021ರ ಜನವರಿಯಲ್ಲಿ ಯುಸೆರಾ ತಿದ್ದುಪಡಿ ಆಯಿತು. ಈಗ ಸ್ಟೇಟ್ ಆಕ್ಟಿವ್ ಡ್ಯೂಟಿ 14 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೂ ರಕ್ಷಣೆಯೊಳಗೆ ಬರುತ್ತದೆ. ಅಧ್ಯಕ್ಷರು ದೊಡ್ಡ ವಿಪತ್ತು ಅಥವಾ ರಾಷ್ಟ್ರೀಯ ತುರ್ತು ಸ್ಥಿತಿ ಅಂತ ಘೋಷಿಸಿದ್ದಕ್ಕೆ ಕರೆದಿದ್ದರೆ 14 ದಿನದ ಲೆಕ್ಕವೂ ಬೇಡ. ಹಾಗಾದರೆ ರಾಜ್ಯದ ಕಾನೂನು ಬೇಡವಾಯಿತಾ? ಇಲ್ಲ. ಒಂದು ಊರಿನ ನೆರೆಗೆ ಅಂತ ಐದು ದಿನ ಕರೆದರು, ಅಧ್ಯಕ್ಷರ ಘೋಷಣೆ ಏನೂ ಇಲ್ಲ ಅಂದುಕೊಳ್ಳಿ. ಆ ಐದು ದಿನಕ್ಕೆ ನಿಮ್ಮ ತಮ್ಮನಿಗೆ ಆಸರೆ 437ನೇ ಅಧ್ಯಾಯವೇ. ಬೇರೆ ರಾಜ್ಯಗಳಲ್ಲೂ ಇಂಥ ಕಾನೂನು ಇದೆ, ಆದರೆ ಒಂದೊಂದು ಕಡೆ ಒಂದೊಂದು ತರಹ. ಕ್ಯಾಲಿಫೋರ್ನಿಯಾದಲ್ಲಿ ಗಾರ್ಡ್ ಹುಡುಗರ ತರಬೇತಿಗೆ ಖಾಸಗಿ ಕಂಪನಿ ವರ್ಷಕ್ಕೆ 17 ದಿನ ಸಂಬಳವಿಲ್ಲದ ರಜೆ ಕೊಡಬೇಕು ಅಂತ ಬರೆದಿದೆ. ಟೆಕ್ಸಾಸ್‌ನಲ್ಲಿ ಸರ್ಕಾರಿ ನೌಕರರಿಗೆ ವರ್ಷಕ್ಕೆ 15 ಕೆಲಸದ ದಿನ ಸಂಬಳ ಸಹಿತ ರಜೆ ಇದೆ. ನಿಮ್ಮ ತಮ್ಮ ಖಾಸಗಿ ಕಂಪನಿಯಲ್ಲಿ ಇರುವುದರಿಂದ ಈ 15 ದಿನ ಅವನಿಗೆ ಸಿಗುವುದಿಲ್ಲ.

ಕೆಲಸಕ್ಕೆ ಮರಳುವ ಗಡುವನ್ನು ಅವನು ಬಾಯಿಪಾಠ ಮಾಡಿಕೊಳ್ಳಲಿ. ಯುಸೆರಾ ಪ್ರಕಾರ 31 ದಿನಕ್ಕಿಂತ ಕಡಿಮೆ ಹೋಗಿದ್ದರೆ, ಮನೆ ಸೇರಿ ಎಂಟು ಗಂಟೆ ವಿಶ್ರಾಂತಿ ಆದಮೇಲೆ ಬರುವ ಮೊದಲ ಪಾಳಿಗೇ ಹಾಜರಾಗಬೇಕು. 31ರಿಂದ 180 ದಿನ ಆಗಿದ್ದರೆ 14 ದಿನದೊಳಗೆ, 180 ದಾಟಿದ್ದರೆ 90 ದಿನದೊಳಗೆ ಕೆಲಸಕ್ಕೆ ಮರಳುತ್ತೇನೆ ಅಂತ ಅರ್ಜಿ ಕೊಡಬೇಕು. ಒಂದೇ ಕಂಪನಿಯಲ್ಲಿ ಇರುವಾಗ ಇಂಥ ಗೈರುಹಾಜರಿ ಒಟ್ಟು ಐದು ವರ್ಷದವರೆಗೆ ನಡೆಯುತ್ತದೆ. ಡ್ರಿಲ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಹೋಗಲು ಕಂಪನಿಯ ಅನುಮತಿ ಬೇಕಿಲ್ಲ, ತಿಳಿಸಿದರೆ ಸಾಕು. ‘ನಿನ್ನ ವರ್ಷದ ರಜೆಯನ್ನೇ ಹಾಕಿಕೊಂಡು ಹೋಗು’ ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. ಮಾತು ಕೆಟ್ಟರೆ ‘ಇಎಸ್‌ಜಿಆರ್’ ಅಂತ ರಕ್ಷಣಾ ಇಲಾಖೆಯದೇ ಒಂದು ವ್ಯವಸ್ಥೆ 1972ರಿಂದ ಇದೆ. ಅಲ್ಲಿಯ ಸ್ವಯಂಸೇವಕರು ಕಂಪನಿ ಮತ್ತು ನೌಕರರ ನಡುವೆ ಕೂತು ಮಾತಾಡಿಸುತ್ತಾರೆ. ಅದಕ್ಕೆ ಒಂದು ಡಾಲರ್ ಕೂಡ ಕೊಡಬೇಕಿಲ್ಲ.

ಗಾಯದ ವಿಷಯ ಇನ್ನೂ ಮುಖ್ಯ. ಟೈಟಲ್ 10 ಅಥವಾ 32ರಲ್ಲಿ ಇದ್ದಾಗ ಬೆನ್ನಿಗೋ ಮಂಡಿಗೋ ಪೆಟ್ಟಾದರೆ ಮುಂದೆ ಮಾಜಿ ಸೈನಿಕರನ್ನು ನೋಡಿಕೊಳ್ಳುವ ಫೆಡರಲ್ ಇಲಾಖೆ ‘ವಿಎ’ಯಲ್ಲಿ ಅಂಗವೈಕಲ್ಯ ಪರಿಹಾರ ಕೇಳಬಹುದು. ಸ್ಟೇಟ್ ಆಕ್ಟಿವ್ ಡ್ಯೂಟಿಯಲ್ಲಿ ಆದ ಪೆಟ್ಟಿಗೆ ವಿಎ ಏನೂ ಕೊಡುವುದಿಲ್ಲ. ಅದನ್ನು ರಾಜ್ಯ ಸರ್ಕಾರ ತನ್ನ ನೌಕರರಿಗೆ ಗಾಯವಾದರೆ ಕೊಡುವ ಪರಿಹಾರದ ಅಡಿಯಲ್ಲೇ ಕೇಳಬೇಕು. ಹುಡುಗರು ‘ಏನೂ ಆಗಿಲ್ಲ ಬಿಡಿ’ ಅಂತ ನೋವು ನುಂಗಿಕೊಂಡು ಬರುತ್ತಾರೆ. ಹಾಗೆ ಮಾಡಬೇಡ ಅಂತ ತಮ್ಮನಿಗೆ ಒತ್ತಿ ಹೇಳಿ. ಅದೇ ದಿನ, ಅದೇ ಜಾಗದಲ್ಲಿ ಬರೆಸಬೇಕು. ಆರು ತಿಂಗಳಾದಮೇಲೆ ಮಂಡಿ ಊದಿಕೊಂಡಾಗ, ಅದು ಡ್ಯೂಟಿಯಲ್ಲೇ ಆದದ್ದು ಅಂತ ಯಾರು ಸಾಕ್ಷಿ ಹೇಳುತ್ತಾರೆ?

ಇನ್ನು ಮಾಜಿ ಸೈನಿಕರ ಸೌಲಭ್ಯ. ಎಲ್ಲರೂ ಜಾರಿ ಬೀಳುವ ಜಾಗ ಇದು. ಗಾರ್ಡ್‌ನಲ್ಲಿ ಆರು ವರ್ಷ ಬರೀ ಡ್ರಿಲ್ ಮಾಡಿ ಹೊರಬಂದರೆ, ತುಂಬಾ ಸೌಲಭ್ಯಗಳ ಲೆಕ್ಕದಲ್ಲಿ ನೀವು ‘ವೆಟರನ್’ ಅಲ್ಲ. ಫೆಡರಲ್ ಆಕ್ಟಿವ್ ಡ್ಯೂಟಿ ಎಷ್ಟು ದಿನ ಮಾಡಿದ್ದೀರಿ ಅನ್ನುವುದನ್ನೇ ಕೇಳುತ್ತಾರೆ. ಇಲ್ಲಿ ಟೆಕ್ಸಾಸ್‌ನ ಹೇಜಲ್‌ವುಡ್ ಕಾನೂನಿನ ಬಗ್ಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದರಷ್ಟು ದೊಡ್ಡ ಸಹಾಯ ಬೇರೆ ರಾಜ್ಯಗಳಲ್ಲಿ ಅಪರೂಪ. ರಾಜ್ಯದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 150 ಕ್ರೆಡಿಟ್ ಗಂಟೆಗಳವರೆಗೆ (ಅಲ್ಲಿ ಕಾಲೇಜಿನ ಪಾಠವನ್ನು ಅಳೆಯುವ ಲೆಕ್ಕ ಇದು) ಬೋಧನಾ ಶುಲ್ಕ ಮಾಫಿ. ಸಾಮಾನ್ಯ ಪದವಿಗೆ 120 ಗಂಟೆ ಸಾಕು. ಉಳಿದದ್ದನ್ನು, ಅಥವಾ ತಾನು ಓದದೇ ಇದ್ದರೆ ಪೂರ್ತಿ 150ನ್ನೂ, ಮಗನಿಗೋ ಮಗಳಿಗೋ ಬರೆದುಕೊಡಬಹುದು. ಆ ಮಕ್ಕಳ ವಯಸ್ಸು 25 ದಾಟಿರಬಾರದು. ಪುಸ್ತಕ, ಹಾಸ್ಟೆಲ್ ಇದರಲ್ಲಿ ಬರುವುದಿಲ್ಲ.

ಷರತ್ತುಗಳು ಹೀಗಿವೆ. ತರಬೇತಿ ಬಿಟ್ಟು ಕನಿಷ್ಠ 181 ದಿನ ಫೆಡರಲ್ ಆಕ್ಟಿವ್ ಡ್ಯೂಟಿ ಆಗಿರಬೇಕು. ಸೇನೆಗೆ ಸೇರುವಾಗ ಟೆಕ್ಸಾಸ್ ನಿವಾಸಿ ಆಗಿರಬೇಕು, ಇಲ್ಲವೇ ಟೆಕ್ಸಾಸ್‌ನಲ್ಲೇ ಸೇರಿರಬೇಕು, ಇಲ್ಲವೇ ಕಾಗದದಲ್ಲಿ ‘ಹೋಮ್ ಆಫ್ ರೆಕಾರ್ಡ್’, ಅಂದರೆ ಸೇರುವಾಗ ಬರೆಸಿದ ಸ್ವಂತ ಊರು, ಟೆಕ್ಸಾಸ್ ಅಂತ ಇರಬೇಕು. ಗೌರವದಿಂದ ಬಿಡುಗಡೆ ಆಗಿರಬೇಕು. ಓದುವಾಗ ಟೆಕ್ಸಾಸ್‌ನಲ್ಲೇ ವಾಸವಿರಬೇಕು. ನನ್ನ ಮಗನಿಗೆ ಆಮೇಲೆ ಒಂಬತ್ತು ತಿಂಗಳು ಹೊರದೇಶದ ಡ್ಯೂಟಿ ಬಂತು, ಅದರಿಂದಲೇ ಇದು ಸಿಕ್ಕಿತು. ಹಾರ್ವಿಯ ಮೂರು ವಾರ ಈ 181ರಲ್ಲಿ ಒಂದು ದಿನವಾಗಿಯೂ ಸೇರಲಿಲ್ಲ.

ಮನೆ ತೆರಿಗೆಯ ವಿಷಯ ಇನ್ನೊಂದು. ವಿಎ ಶೇ. 100ರಷ್ಟು ಅಂಗವೈಕಲ್ಯ ಪರಿಹಾರ ಕೊಡುತ್ತಿದ್ದರೆ ಟೆಕ್ಸಾಸ್‌ನಲ್ಲಿ ವಾಸದ ಮನೆಯ ತೆರಿಗೆ ಪೂರ್ತಿ ಮಾಫಿ. ಅವರು ತೀರಿಹೋದರೂ ಗಂಡನಿಗೋ ಹೆಂಡತಿಗೋ, ಮರುಮದುವೆ ಆಗದಿದ್ದರೆ, ಅದು ಮುಂದುವರಿಯುತ್ತದೆ. ಶೇ. 10ರಿಂದ ಮೇಲೆ ಇದ್ದರೂ ಮನೆಯ ಮೌಲ್ಯದಲ್ಲಿ ಒಂದಿಷ್ಟು ಕಳೆಯುತ್ತಾರೆ. ವರ್ಜೀನಿಯಾ, ಫ್ಲೋರಿಡಾಗಳಲ್ಲೂ ಶಾಶ್ವತವಾಗಿ ಪೂರ್ತಿ ಅಂಗವೈಕಲ್ಯ ಇದ್ದವರಿಗೆ ಪೂರ್ತಿ ಮಾಫಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥವರಿಗೂ ಮೌಲ್ಯದ ಒಂದು ಭಾಗಕ್ಕೆ ಮಾತ್ರ. ಇದು ಯಾರ ಮನೆ ಬಾಗಿಲಿಗೂ ತಾನಾಗಿ ಬರುವುದಿಲ್ಲ. ವಿಎ ಪತ್ರ ಹಿಡಿದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಅಪ್ರೈಸಲ್ ಕಚೇರಿಯಲ್ಲಿ, ಅಂದರೆ ತೆರಿಗೆಗಾಗಿ ಮನೆಯ ಮೌಲ್ಯ ಕಟ್ಟುವ ಕಚೇರಿಯಲ್ಲಿ, ಅರ್ಜಿ ಕೊಟ್ಟರೆ ಮಾತ್ರ ಸಿಗುತ್ತದೆ.

ಕಾಗದಗಳ ಬಗ್ಗೆ ಈಗಲೇ ಎಚ್ಚರ ಇರಲಿ. ಆಕ್ಟಿವ್ ಡ್ಯೂಟಿ ಮುಗಿದಾಗ ಕೊಡುವುದು ‘ಡಿಡಿ 214’. ಗಾರ್ಡ್‌ನಿಂದ ಹೊರಬರುವಾಗ ಕೊಡುವುದು ‘ಎನ್‌ಜಿಬಿ 22’. ಎರಡೂ ಬೇಕು. ಕೈಗೆ ಬಂದ ಕೂಡಲೇ, ಸಹಿ ಹಾಕುವ ಮುಂಚೆ, ತಾರೀಕು ಮತ್ತು ಹೋಮ್ ಆಫ್ ರೆಕಾರ್ಡ್ ಸರಿ ಇದೆಯಾ ನೋಡಬೇಕು. ಆಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಕೆಲಸ. ಟೆಕ್ಸಾಸ್‌ನಲ್ಲಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಡಿಡಿ 214 ಅನ್ನು ಶುಲ್ಕವಿಲ್ಲದೆ ದಾಖಲಿಸಿ ಇಟ್ಟುಕೊಳ್ಳುತ್ತಾರೆ, ನಾವು ಹಾಗೇ ಮಾಡಿದೆವು. ಸರ್ಕಾರದ ಹತ್ತಿರ ಇರುತ್ತದಲ್ಲ ಅಂತ ನಂಬಿ ಕೂರಬೇಡಿ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಮೇಲ್ಪಟ್ಟು ಸೈನಿಕರ ಕಡತಗಳು ಸುಟ್ಟುಹೋದವು. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದರು. ಕೊರಿಯಾ ಯುದ್ಧದಲ್ಲಿ ಇದ್ದವರು. ತಾನು ಸೈನಿಕನಾಗಿದ್ದೆ ಅಂತ ಸಾಬೀತು ಮಾಡಲು ಹಳೆಯ ಸಂಬಳದ ಚೀಟಿ, ಆಸ್ಪತ್ರೆಯ ಚೀಟಿ ಅಂತ ಒಂದು ಶೂ ಡಬ್ಬಿಯ ತುಂಬ ಇಟ್ಟುಕೊಂಡಿದ್ದರು.

ಮುಂದೆ ವಿಎ ಪರಿಹಾರಕ್ಕೆ ಅರ್ಜಿ ಹಾಕುವ ದಿನ ಬಂದರೆ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಮೊದಲ ಅರ್ಜಿ ತಯಾರಿಸಿ ಕೊಡಲು ಶುಲ್ಕ ತೆಗೆದುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಟೆಕ್ಸಾಸ್ ವೆಟರನ್ಸ್ ಕಮಿಷನ್ನಿನವರೂ, ಕೌಂಟಿಯಲ್ಲಿರುವ ವೆಟರನ್ಸ್ ಸರ್ವಿಸ್ ಅಧಿಕಾರಿಯೂ ಅದನ್ನು ಪುಕ್ಕಟೆ ಮಾಡಿಕೊಡುತ್ತಾರೆ. ನನ್ನ ಮಗನ ಅರ್ಜಿ ಬರೆದುಕೊಟ್ಟ ಕೌಂಟಿಯ ಹೆಂಗಸು ಎರಡು ಗಂಟೆ ಕೂತು, ಒಂದೊಂದೇ ತಾರೀಕು ಕೇಳಿ ಕೇಳಿ ಬರೆದುಕೊಂಡರು. ಅವರನ್ನು ಈಗಲೂ ನೆನೆಯುತ್ತೇನೆ.

ಈಗ ತಮ್ಮನ ಹತ್ತಿರ ಎರಡು ವಿಷಯ ಕೇಳಿ. ಇಲ್ಲಿಯವರೆಗೆ ಬಂದ ಆದೇಶಗಳಲ್ಲಿ ಟೈಟಲ್ 10 ಅಂತ ಇದೆಯಾ, 32 ಅಂತ ಇದೆಯಾ, ಸ್ಟೇಟ್ ಆಕ್ಟಿವ್ ಡ್ಯೂಟಿ ಅಂತ ಇದೆಯಾ? ತರಬೇತಿ ಬಿಟ್ಟು ಒಟ್ಟು ಎಷ್ಟು ದಿನ ಆಗಿದೆ? ಇದರ ಕೆಳಗೆ ಬರೆದು ತಿಳಿಸಿ. ಹೇಜಲ್‌ವುಡ್‌ಗೆ ಎಷ್ಟು ದಿನ ಕಡಿಮೆ ಬೀಳುತ್ತದೆ ಅಂತ ಕೂತು ಲೆಕ್ಕ ಹಾಕೋಣ.