ಲೆಕ್ಕಕ್ಕೆ ಸಿಗದ ಅನಿಲ: ಸೋರಿಕೆಯೋ, ಮೀಟರೋ?

ಪ್ರಶ್ನೆ: ನಮ್ಮ ನೈಸರ್ಗಿಕ ಅನಿಲ ಸಾಗಣೆ ಜಾಲದಲ್ಲಿ ಒಳಬಂದ ಶಕ್ತಿಗಿಂತ ಹೊರಗೆ ಕೊಟ್ಟ ಶಕ್ತಿ ಮೂರು ತಿಂಗಳಿಂದ ಶೇಕಡ 0.4ರಷ್ಟು ಕಡಿಮೆ ಬರುತ್ತಿದೆ. ಕಂಪ್ರೆಸರ್ (ಅನಿಲವನ್ನು ಒತ್ತಿ ಮುಂದೂಡುವ ಯಂತ್ರ) ಇಂಧನ ಕಳೆದ ಮೇಲೂ ಇಷ್ಟು ವ್ಯತ್ಯಾಸ. ಕೊಳವೆಯುದ್ದಕ್ಕೂ ನೋಡಿದೆವು, ಸೋರಿಕೆ ಸಿಗಲಿಲ್ಲ. ಇನ್ನೆಲ್ಲಿ ಹುಡುಕಬೇಕು?

ಉತ್ತರ: ಮೀಟರ್‌ಗಳಲ್ಲಿ. ದಿನಕ್ಕೆ 1 ಕೋಟಿ ಘನ ಮೀಟರ್ ಸಾಗಿಸುವ ಜಾಲದಲ್ಲಿ ಶೇಕಡ 0.4 ಎಂದರೆ 40,000 ಘನ ಮೀಟರ್. ಹೆಚ್ಚಿನ ಒತ್ತಡದ ಕೊಳವೆಯಿಂದ ಒಂದೇ ಕಡೆ ಅಷ್ಟು ಹೊರಬಿದ್ದರೆ ಅದರ ಸದ್ದೇ ಜಾಗ ತೋರಿಸುತ್ತದೆ.

ಮೊದಲು ಸಮೀಕರಣ ಪೂರ್ತಿಯಾಗಿದೆಯೇ ನೋಡಿ. ಒಳಬಂದದ್ದರಿಂದ ಹೊರಹೋದದ್ದು, ಸ್ವಂತ ಬಳಕೆ, ಬೇಕೆಂದೇ ಹೊರಬಿಟ್ಟದ್ದು ಮತ್ತು ಕೊಳವೆಯೊಳಗಿನ ದಾಸ್ತಾನಿನ (ಲೈನ್‌ಪ್ಯಾಕ್) ಏರಿಕೆ, ಇಷ್ಟನ್ನೂ ಕಳೆದು ಉಳಿದದ್ದು ಮಾತ್ರ ಲೆಕ್ಕಕ್ಕೆ ಸಿಗದ ಅನಿಲ. ಸ್ವಂತ ಬಳಕೆ ಎಂದರೆ ಕಂಪ್ರೆಸರ್ ಇಂಧನವಷ್ಟೇ ಅಲ್ಲ. ಒತ್ತಡ ಇಳಿಸುವ ಮೊದಲು ಅನಿಲ ಕಾಯಿಸುವ ಹೀಟರ್, ಅನಿಲದಿಂದಲೇ ನಡೆಯುವ ವಾಲ್ವ್, ಎಲ್ಲವೂ ಅದರಲ್ಲಿ ಬರಬೇಕು. ದುರಸ್ತಿಗೆಂದು ಖಾಲಿ ಮಾಡಿದ ಕೊಳವೆಯ ಅನಿಲ ಬೇಕೆಂದೇ ಹೊರಬಿಟ್ಟದ್ದರಲ್ಲಿ ಬರಬೇಕು.

ದಾಸ್ತಾನು ದಿನದ ಲೆಕ್ಕವನ್ನು ಚೆನ್ನಾಗಿಯೇ ಕೆಡಿಸುತ್ತದೆ. 60 ಸೆಂ.ಮೀ. ಒಳವ್ಯಾಸದ 100 ಕಿ.ಮೀ. ಕೊಳವೆಯಲ್ಲಿ ಒತ್ತಡ 1 ಬಾರ್ ಏರಿದರೆ 30,000 ಘನ ಮೀಟರ್‌ಗೂ ಹೆಚ್ಚು ಅನಿಲ ಒಳಗೇ ಕೂರುತ್ತದೆ. ಸರಾಸರಿ ಒತ್ತಡ ಎಂದು ಎರಡು ತುದಿಗಳನ್ನು ಕೂಡಿ ಅರ್ಧ ಮಾಡಬೇಡಿ. ಎರಡರ ಮೊತ್ತದಿಂದ, ಅವುಗಳ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿ ಬಂದದ್ದನ್ನು ಕಳೆದು, ಮೂರರಲ್ಲಿ ಎರಡು ಭಾಗ ತೆಗೆದುಕೊಳ್ಳಿ. 60 ಮತ್ತು 40 ಬಾರ್‌ಗೆ ಬರುವುದು 50 ಅಲ್ಲ, 50.67. ಆದರೆ ದಾಸ್ತಾನಿನ ತಪ್ಪು ಒಂದು ದಿನ ಕೂಡಿ ಮರುದಿನ ಕಳೆಯುತ್ತದೆ, ಮೂರು ತಿಂಗಳು ಒಂದೇ ದಿಕ್ಕಿನಲ್ಲಿ ಬೆಳೆಯುವುದಿಲ್ಲ. ಹಾಗಾಗಿ ನಿಮ್ಮ ಮುಖ್ಯ ಕಾರಣ ಅದಲ್ಲ.

ಅನುಮಾನ ಬರಬೇಕಾದದ್ದು ತಾಪಮಾನದ ಮೇಲೆ, ಏಕೆಂದರೆ ಮೀಟರ್ ಅಳೆದ ಗಾತ್ರವನ್ನು ಅಲ್ಲಿನ ತಾಪಮಾನ, ಒತ್ತಡ ನೋಡಿಯೇ ತಿದ್ದಿ ದಾಖಲಿಸುತ್ತಾರೆ. ಅಲ್ಟ್ರಾಸಾನಿಕ್ (ಶಬ್ದತರಂಗದಿಂದ ಅಳೆಯುವ) ಅಥವಾ ಟರ್ಬೈನ್ (ತಿರುಗುವ ಚಕ್ರದಿಂದ ಅಳೆಯುವ) ಮೀಟರ್‌ನಲ್ಲಿ 1 ಡಿಗ್ರಿ ಸೆಲ್ಸಿಯಸ್ ತಪ್ಪಿದರೆ ಗಾತ್ರ ಸುಮಾರು ಶೇಕಡ 0.35 ತಪ್ಪುತ್ತದೆ; ತೂತಿರುವ ತಟ್ಟೆಯ ಎರಡೂ ಬದಿಯ ಒತ್ತಡದ ವ್ಯತ್ಯಾಸದಿಂದ ಅಳೆಯುವ ಆರಿಫಿಸ್ ಮೀಟರ್‌ನಲ್ಲಿ ಅದರ ಅರ್ಧ. ನಿಮ್ಮ ಕೊರತೆಗೆ ಇಷ್ಟೇ ಹೆಚ್ಚುಕಡಿಮೆ ಸಾಕು. ಹೊರದಾರಿಯಲ್ಲಿ (ಅನಿಲ ಹೊರಗೆ ಕೊಡುವ ಕೇಂದ್ರದಲ್ಲಿ) ತಾಪಮಾನದ ಸೆನ್ಸರ್ ಕೊಳವೆಯೊಳಗಿನ ತನ್ನ ಗೂಡಿನ ತಳ ಮುಟ್ಟದೆ ಬಿಸಿಲಿಗೆ ಕಾದು ಹೆಚ್ಚು ತೋರಿಸಿದರೆ ಕೊಟ್ಟ ಅನಿಲ ಕಡಿಮೆ ದಾಖಲಾಗುತ್ತದೆ. ಆರಿಫಿಸ್ ಪ್ಲೇಟ್ ಇದ್ದರೆ ತಿರುಗುಮುರುಗಾಗಿ ಕೂರಿಸಿಲ್ಲವೆಂದು ಖಚಿತಪಡಿಸಿಕೊಳ್ಳಿ: ಚೂಪಂಚು ಅನಿಲ ಬರುವ ಕಡೆಗೇ ಇರಬೇಕು. ಉಲ್ಟಾ ಇದ್ದರೆ ಶೇಕಡ 10ಕ್ಕೂ ಹೆಚ್ಚು ಕಡಿಮೆ ಓದುತ್ತದೆ.

ಎದುರು ದಿಕ್ಕಿನ ತಪ್ಪುಗಳನ್ನೂ ಬಿಡಬೇಡಿ, ಅವು ನಿಜವಾದ ನಷ್ಟವನ್ನು ಮುಚ್ಚಿಡುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ಮೀಟರ್‌ನ ಲೆಕ್ಕ ಮಾಡುವ ಕಂಪ್ಯೂಟರ್‌ನಲ್ಲಿ 1.013 ಎಂದೇ ಹಾಕಿದ್ದರೆ, 4 ಬಾರ್ ಗೇಜ್ ಒತ್ತಡದಲ್ಲಿ (ಗಾಳಿಯ ಒತ್ತಡ ಸೇರಿಸದ ಅಳತೆ) ಕೊಡುವ ಅನಿಲ ಶೇಕಡ 2ರಷ್ಟು ಹೆಚ್ಚು ದಾಖಲಾಗುತ್ತದೆ.

ಗಾತ್ರ ಸರಿಯಿದ್ದೂ ಶಕ್ತಿ ತಪ್ಪಬಹುದು. ಕ್ರೊಮ್ಯಾಟೊಗ್ರಾಫ್ (ಅನಿಲದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಉಪಕರಣ) ಇಲ್ಲದ ಹೊರದಾರಿಗೆ ಮೇಲ್ಗಡೆಯ ಉಷ್ಣಮೌಲ್ಯ (ಒಂದು ಘನ ಮೀಟರ್ ಉರಿದಾಗ ಸಿಗುವ ಶಕ್ತಿ) ಹಚ್ಚುತ್ತೀರಾದರೆ, ಅನಿಲ ಅಲ್ಲಿಗೆ ತಲುಪುವ ಸಮಯವನ್ನೂ ಲೆಕ್ಕಿಸಿ. ಬ್ರಿಟನ್ನಿನಲ್ಲಿ ನಿಯಮದಿಂದಲೇ ಹುಟ್ಟುವ ಕೊರತೆಯೊಂದಿದೆ: ಒಂದು ಪ್ರದೇಶದ ಬಿಲ್ಲಿನ ಉಷ್ಣಮೌಲ್ಯ ಅಲ್ಲಿನ ಅತಿ ಕಡಿಮೆ ಮೂಲಕ್ಕಿಂತ ಘನ ಮೀಟರ್‌ಗೆ 1 ಮೆಗಾಜೂಲ್‌ಗಿಂತ ಮೇಲೇರುವಂತಿಲ್ಲ. ಸರಾಸರಿ 39.2 ಇದ್ದು ಚಿಕ್ಕ ಮೂಲವೊಂದು 37.5 ತಂದರೆ, ಬಿಲ್ಲಾಗುವುದು 38.5. ಉಳಿದ 0.7 ಉರಿದದ್ದು ನಿಜ, ಬಿಲ್ಲಿಗೆ ಬಂದಿಲ್ಲ.

ಯಾವ ಮೀಟರ್ ಎಂದು ಹಿಡಿಯಲು ದಿನದ ವ್ಯತ್ಯಾಸಗಳನ್ನು ಕೂಡುತ್ತಾ ಗ್ರಾಫ್ ಎಳೆಯಿರಿ. ಗೆರೆಯ ಇಳಿಜಾರು ಬದಲಾದ ದಿನವೇ ತಪ್ಪು ಶುರುವಾದ ದಿನ. ಆ ವಾರದ ಕೆಲಸದ ಪುಸ್ತಕ ತೆರೆಯಿರಿ: ಮಾಪನಾಂಕ ನಿರ್ಣಯ, ಪ್ಲೇಟ್ ಬದಲಾವಣೆ, ಕಂಪ್ಯೂಟರ್ ಸಂಖ್ಯೆ ತಿದ್ದುಪಡಿ. ಅದೇನೂ ಸಿಗದಿದ್ದರೆ ವ್ಯತ್ಯಾಸವನ್ನು ಪ್ರತಿ ಕೇಂದ್ರದ ಹರಿವಿನ ಜೊತೆ ಹೋಲಿಸಿ. ಯಾವುದರ ಹರಿವು ಏರಿದಾಗ ಕೊರತೆಯೂ ಏರುತ್ತದೋ ಅಲ್ಲಿಗೆ ಮೊದಲು ಹೋಗಿ.