ರಾಯಚೂರಿನ ಗಡಿ ಹಳ್ಳಿಗಳಲ್ಲಿ ಪ್ರೌಢಶಾಲೆಯ ಹಾಜರಾತಿ: ಹೊಸದಾಗಿ ಬರುವ ಶಿಕ್ಷಕರೊಬ್ಬರಿಗೆ ಉತ್ತರ

ಮಾನ್ಯರೇ,

ಮೈಸೂರು ಕಡೆಯಿಂದ ನಮ್ಮ ಜಿಲ್ಲೆಯ ಪ್ರೌಢಶಾಲೆಯೊಂದಕ್ಕೆ ನೇಮಕಗೊಂಡು ಬರುತ್ತಿರುವ ತಾವು, ಇಲ್ಲಿ ಮಕ್ಕಳ ಹಾಜರಾತಿಗೆ ಯಾವ ನಿಯಮಗಳಿವೆ, ಎಂಥ ಗೈರುಹಾಜರಿಯನ್ನು ಶಾಲೆ ಒಪ್ಪಿಕೊಳ್ಳುತ್ತದೆ ಎಂದು ಕೇಳಿದ್ದೀರಿ. ನಿಯಮ ಇಡೀ ರಾಜ್ಯಕ್ಕೆ ಒಂದೇ. ಅದರಲ್ಲಿ ರಾಯಚೂರಿಗೆಂದು ವಿಶೇಷ ರಿಯಾಯಿತಿಯೇನೂ ಇಲ್ಲ. ಆದರೆ ಮಕ್ಕಳು ಶಾಲೆ ತಪ್ಪಿಸುವ ಕಾರಣಗಳು ಇಲ್ಲಿ ಬೇರೆ. ನಿಯಮ ಬರೆದವರು ಜ್ವರ, ಅಪಘಾತ, ಮನೆಯಲ್ಲಿ ಸಾವು ಇಂಥವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ನಮ್ಮ ತರಗತಿಗಳಲ್ಲಿ ಬೆಂಚು ಖಾಲಿಯಾಗುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಹೀಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಿಯಮ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲಾ ಅಭ್ಯರ್ಥಿಯಾಗಿ ಕೂರಬೇಕಾದರೆ ಶೇ. 75 ಹಾಜರಾತಿ ಇರಲೇಬೇಕು. ಒಂದು ವರ್ಷದಲ್ಲಿ ಶಾಲೆ 220 ದಿನ ನಡೆಯಿತೆಂದು ಇಟ್ಟುಕೊಂಡರೆ ಮಗು 165 ದಿನ ಬಂದಿರಬೇಕು, ಅಂದರೆ 55 ದಿನಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ಈ 55 ದಿನ ಕೇಳಲು ಬಹಳ ಅನ್ನಿಸುತ್ತದೆ. ಮೂರು ತಿಂಗಳು ಊರು ಬಿಟ್ಟ ಕುಟುಂಬದ ಮಗುವಿಗೆ ಅದು ಸಾಲುವುದಿಲ್ಲ. ಕಾಯಿಲೆಯಿಂದ ಕೊರತೆ ಬಿದ್ದಿದ್ದರೆ ವೈದ್ಯರ ಪ್ರಮಾಣಪತ್ರ, ಪೋಷಕರ ರಜಾ ಅರ್ಜಿಗಳನ್ನು ಸೇರಿಸಿ, ಕೊರತೆಯನ್ನು ಮನ್ನಾ ಮಾಡಬೇಕೆಂದು ಮುಖ್ಯ ಶಿಕ್ಷಕರ ಮೂಲಕ ಮೇಲಧಿಕಾರಿಗಳನ್ನು ಕೋರುವುದು ವಾಡಿಕೆ. ಆ ಕೋರಿಕೆಗೆ ಬಲ ಬರುವುದು ಕಾಗದಗಳಿಂದ ಮಾತ್ರ. ಜ್ವರ ಬಂದ ವಾರವೇ ಬರೆಸಿದ ಅರ್ಜಿಗೂ ಪರೀಕ್ಷೆಯ ಹೊತ್ತಿಗೆ ಹಿಂದಿನ ತಾರೀಖು ಹಾಕಿ ತಂದ ಅರ್ಜಿಗೂ ಇರುವ ವ್ಯತ್ಯಾಸ ನೋಡಿದವರಿಗೆ ತಿಳಿಯುತ್ತದೆ. ಓದು ಬರಹ ಬಾರದ ತಾಯಿ ತಂದೆಯರು ಇಲ್ಲಿ ಇನ್ನೂ ಅನೇಕರಿದ್ದಾರೆ. ಅವರು ಶಾಲೆಗೆ ಬಂದು ಬಾಯಿಮಾತಿನಲ್ಲಿ ಹೇಳಿಹೋದ ಕಾರಣವನ್ನು ತರಗತಿ ಶಿಕ್ಷಕರೇ ಒಂದು ಹಾಳೆಯಲ್ಲಿ ಬರೆದು, ಹೆಬ್ಬೆಟ್ಟು ಹಾಕಿಸಿ, ಇಟ್ಟುಕೊಳ್ಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದನ್ನು ತಾವೂ ಮುಂದುವರಿಸಿ.

ಎಂಟನೆಯ ತರಗತಿಯನ್ನು ಒಂಬತ್ತು ಮತ್ತು ಹತ್ತರೊಂದಿಗೆ ಸೇರಿಸಿ ನೋಡಬಾರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತದೆ. ಆ ಹಂತ ಮುಗಿಯುವವರೆಗೆ, ಮಗು ಎಷ್ಟೇ ದಿನ ಬಾರದಿದ್ದರೂ, ಅದನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಬೇರೆ ಊರಿಗೆ ಹೋದರೆ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಪತ್ರ ತಡವಾಯಿತೆಂಬ ಕಾರಣಕ್ಕೆ ಆ ಊರಿನ ಶಾಲೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಒಂಬತ್ತಕ್ಕೆ ಕಾಲಿಡುತ್ತಿದ್ದಂತೆ ಈ ರಕ್ಷಣೆ ಮುಗಿಯುತ್ತದೆ. ಹದಿನಾಲ್ಕು ತುಂಬಿದ ಹುಡುಗನನ್ನು ಕೂಲಿಗೆ ಕರೆದೊಯ್ಯಲು ಮನೆಯವರು ಧೈರ್ಯ ಮಾಡುವುದೂ ಅದೇ ವಯಸ್ಸಿನಲ್ಲಿ. ಕಾನೂನಿನ ಕಾವಲು ತೆಗೆದ ಕಡೆಯಲ್ಲೇ ಮಗು ಕೈತಪ್ಪುತ್ತದೆ ಎಂಬುದು ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿರುವ ವಿಷಯ.

ಈಗ ಇಲ್ಲಿನ ಕಾರಣಗಳಿಗೆ ಬರುತ್ತೇನೆ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಕಾಲುವೆ ನೀರು ಕಂಡ ಊರುಗಳೂ ಇವೆ, ಮಳೆಯನ್ನೇ ನಂಬಿದ ಊರುಗಳೂ ಇವೆ. ಮಳೆ ನಂಬಿದ ಊರುಗಳಿಂದ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಹೈದರಾಬಾದ್, ಪುಣೆಗಳ ಕಟ್ಟಡ ಕೆಲಸಕ್ಕೆ ಮೇಸ್ತ್ರಿ ಕೊಟ್ಟ ಮುಂಗಡ ಹಣ ಪಡೆದು ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ. ಮನೆಯಲ್ಲಿ ಅಜ್ಜಿ ಗಟ್ಟಿಯಿದ್ದರೆ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಅವರೂ ಬಸ್ಸು ಹತ್ತುತ್ತಾರೆ. ಉಳಿದ ಮಕ್ಕಳದೂ ಸುಲಭದ ಬದುಕಲ್ಲ. ಹತ್ತನೆಯ ತರಗತಿಯ ಹುಡುಗಿ ಬೆಳಗ್ಗೆ ರೊಟ್ಟಿ ಬಡಿದು, ತಮ್ಮಂದಿರನ್ನು ಶಾಲೆಗೆ ಕಳಿಸಿ, ದನಕ್ಕೆ ನೀರಿಟ್ಟು ಬರುವಷ್ಟರಲ್ಲಿ ಮೊದಲ ಅವಧಿ ಮುಗಿದಿರುತ್ತದೆ. ಅವಳನ್ನು ತಡವಾಗಿ ಬಂದಳೆಂದು ಹೊರಗೆ ನಿಲ್ಲಿಸಿದರೆ ಮರುದಿನ ಅವಳು ಬರುವುದೇ ಇಲ್ಲ.

ಗುಳೆಗಿಂತ ಹತ್ತಿರದ್ದು ಹತ್ತಿ. ದಸರಾ ರಜೆ ಮುಗಿದು ಎರಡನೆಯ ಅವಧಿ ಆರಂಭವಾಗುವ ಹೊತ್ತಿಗೆ ಹೊಲಗಳಲ್ಲಿ ಹತ್ತಿ ಒಡೆದಿರುತ್ತದೆ, ಆಳು ಸಿಗುವುದಿಲ್ಲ, ಬಿಡಿಸಿದ ಹತ್ತಿಗೆ ತೂಕದ ಮೇಲೆ ಕೂಲಿ ಕೊಡುವುದರಿಂದ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟು ಲಾಭ. "ಸರ್, ಹತ್ತಿ ಬಿಡಿಸಾಕ ಹೋಗ್ಯಾನ್ರಿ" ಎಂಬ ಉತ್ತರವನ್ನು ತಾವು ನವೆಂಬರಿನಿಂದ ಸಂಕ್ರಾಂತಿಯವರೆಗೆ ಹಾಜರಿ ಕೂಗುವಾಗ ಮತ್ತೆ ಮತ್ತೆ ಕೇಳುವಿರಿ. ಹತ್ತಿಯ ಹಿಂದೆಯೇ ಮೆಣಸಿನಕಾಯಿ ಬರುತ್ತದೆ. ಅದು ಮುಗಿಯುವ ವೇಳೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಾಗಿಲಲ್ಲಿರುತ್ತದೆ.

ಇನ್ನೊಂದು ಕೆಲಸ ಗಡಿಯಾಚೆಯದು. ತೆಲಂಗಾಣದ ಗದ್ವಾಲ ಸೀಮೆಯಲ್ಲಿ ಸಂಕರ (ಹೈಬ್ರಿಡ್) ಹತ್ತಿಯ ಬೀಜ ಬೆಳೆಯುತ್ತಾರೆ. ಅಲ್ಲಿ ಸಂಜೆ ಮೊಗ್ಗಿನ ಗಂಡು ಭಾಗವನ್ನು ಬೆರಳಿನಿಂದ ತೆಗೆದು, ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಜನ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಗಿಡದ ಎತ್ತರಕ್ಕೆ ಮಕ್ಕಳ ಕೈ ಒಗ್ಗುತ್ತದೆ, ಕೂಲಿಯೂ ಕಡಿಮೆ ಎಂಬ ಕಾರಣಕ್ಕೆ ಈ ಕೆಲಸಕ್ಕೆ ಬಹಳ ಹಿಂದಿನಿಂದಲೂ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಬಳಸುತ್ತ ಬಂದಿದ್ದಾರೆ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಗೆರೆ ಎಳೆದ ಮೇಲೆಯೂ ನೆಂಟಸ್ತನ ಹಾಗೆಯೇ ಉಳಿದಿದೆ, ಎರಡೂ ಕಡೆ ಕನ್ನಡ ತೆಲುಗು ಎರಡೂ ನಡೆಯುತ್ತವೆ. "ಅತ್ತೆಯ ಊರಿಗೆ ಹೋಗಿದ್ದಾಳೆ" ಎಂದು ಮನೆಯವರು ಹೇಳಿದರೆ ಅದು ನಿಜವೂ ಆಗಿರಬಹುದು, ಆ ಊರಿನ ಹೊಲದಲ್ಲಿ ಅವಳು ಕೆಲಸ ಮಾಡುತ್ತಿರುವುದೂ ನಿಜವಾಗಿರಬಹುದು. ನಮ್ಮ ಮಕ್ಕಳ ದಾಖಲೆಯಿರುವ ಎಸ್‌ಎಟಿಎಸ್ ವ್ಯವಸ್ಥೆ ಕರ್ನಾಟಕದ್ದು. ಗಡಿ ದಾಟಿದ ಮಗುವಿನ ಸುದ್ದಿ ಅದರಲ್ಲಿ ತಾನಾಗಿ ಬರುವುದಿಲ್ಲ, ಶಿಕ್ಷಕರೇ ಫೋನ್ ಮಾಡಿ ವಿಚಾರಿಸಬೇಕು.

ಇಂಥ ಗೈರುಹಾಜರಿ ಮಾನ್ಯವೇ ಎಂದರೆ, ಅಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14 ವರ್ಷದೊಳಗಿನ ಮಗುವನ್ನು ಕೂಲಿಗೆ ಹಚ್ಚುವುದೇ ಅಪರಾಧ. ತಮ್ಮದೇ ಹೊಲಮನೆಯ ಕೆಲಸದಲ್ಲಿ ನೆರವಾಗುವುದಕ್ಕೂ ಶಾಲಾ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ ಅವಕಾಶವಿದೆ. ಆದ್ದರಿಂದ ಹತ್ತಿ ಬಿಡಿಸಲು ರಜೆ ಬೇಕೆಂಬ ಅರ್ಜಿಯನ್ನು ಯಾವ ಶಾಲೆಯೂ ಮಂಜೂರು ಮಾಡಲಾರದು, ಮಾಡಲೂಬಾರದು. ಹಾಗೆಂದು ಅರ್ಜಿ ತಂದ ಅಪ್ಪನನ್ನು ಗದರಿಸಿ ಕಳಿಸಿದರೆ ಅವನು ಮುಂದಿನ ಸಲ ಹೇಳದೆಯೇ ಮಗನನ್ನು ಕರೆದೊಯ್ಯುತ್ತಾನೆ. ನಿಜ ಹೇಳಲು ಬಂದವನನ್ನು ಕೂರಿಸಿ, ಎಷ್ಟು ದಿನ, ಯಾವ ಊರು, ಮೇಸ್ತ್ರಿ ಯಾರು ಎಂದು ಕೇಳಿ ಬರೆದುಕೊಳ್ಳುವುದೇ ಮೇಲು.

ಒಂದು ವಿಷಯದಲ್ಲಿ ತಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಗುವಿನ ವರ್ಷ ಹಾಳಾಗದಿರಲಿ ಎಂಬ ಕನಿಕರದಿಂದ ಬಾರದ ಮಕ್ಕಳಿಗೂ ಹಾಜರಿ ಹಾಕುವ ರೂಢಿ ಅಲ್ಲಲ್ಲಿ ಇದೆ. ಉದ್ದೇಶ ಒಳ್ಳೆಯದಿರಬಹುದು, ಪರಿಣಾಮ ಕ್ರೂರ. ಹಾಜರಿ ಪುಸ್ತಕದಲ್ಲಿ ಮಗು ಇದೆ ಎಂದಾದ ಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಆ ಊರಿನಲ್ಲಿ ಗುಳೆಯೇ ಇಲ್ಲ ಎಂದಾಗುತ್ತದೆ, ವಸತಿ ವ್ಯವಸ್ಥೆ ಕೇಳಲು ಆಧಾರವೇ ಉಳಿಯುವುದಿಲ್ಲ. ಪರೀಕ್ಷೆಗೆ ಕುಳಿತ ಮಗುವಿಗೂ ಪಾಠ ಕೇಳದ ಮೂರು ತಿಂಗಳು ಮರಳಿ ಬರುವುದಿಲ್ಲ. ಗೈರನ್ನು ಗೈರೆಂದೇ ಬರೆದು, ಕಾರಣವನ್ನು ಪಕ್ಕದಲ್ಲಿ ಬರೆಯುವ ಶಿಕ್ಷಕರೇ ಆ ಮಗುವಿಗೆ ಹೆಚ್ಚು ಹತ್ತಿರದವರು ಎಂದು ನಾನು ನಂಬಿದ್ದೇನೆ.

ಹಬ್ಬ ಜಾತ್ರೆಗಳ ವಿಷಯ ಇಷ್ಟು ಕಠಿಣವಲ್ಲ. ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಪೂಜೆಯ ಎಡೆಯನ್ನು ಬೆಳೆಯ ಮೇಲೆ ಎರಚಲು, ಹೊಲಕ್ಕೆ ಹೋಗುತ್ತದೆ. ಮೊಹರಂನಲ್ಲಿ, ಮುದಗಲ್ಲಿನ ಸುತ್ತಮುತ್ತ ಅಂತೂ, ಜಾತಿ ಧರ್ಮವೆನ್ನದೆ ಎಲ್ಲ ಮನೆಯ ಮಕ್ಕಳೂ ಅಲಾಯಿ ಕುಣಿಯ (ಹಬ್ಬಕ್ಕೆ ಬೆಂಕಿ ಹಾಕುವ ಗುಂಡಿಯ) ಬಳಿ ಇರುತ್ತಾರೆ. ದೇವಸೂಗೂರಿನ ಸೂಗೂರೇಶ್ವರ ಜಾತ್ರೆಗೆ ನದಿಯಾಚೆಯವರೂ ಬರುತ್ತಾರೆ. ಮುಖ್ಯ ಶಿಕ್ಷಕರು ಅನುಮತಿ ಪಡೆದು ಕೊಡಬಹುದಾದ ಸ್ಥಳೀಯ ರಜೆಗಳು ಕೆಲವೇ ಇರುವುದರಿಂದ, ಅವನ್ನು ವರ್ಷದ ಆರಂಭದಲ್ಲೇ ಊರಿನ ಹಿರಿಯರನ್ನು ಕೇಳಿ ಗೊತ್ತುಮಾಡಿಕೊಂಡರೆ ಆ ದಿನಗಳ ಗೈರುಹಾಜರಿಯ ಪ್ರಶ್ನೆಯೇ ಏಳುವುದಿಲ್ಲ.

ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡುವ ಸಂಗತಿಗಳೂ ಇವೆ. ಬಿಸಿಯೂಟ 2002ರಲ್ಲಿ ಆರಂಭವಾದದ್ದೇ ರಾಯಚೂರೂ ಸೇರಿದಂತೆ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ಆಯ್ದುಕೊಂಡದ್ದೂ ಮೊದಲು ಈ ಕಡೆಯ ಜಿಲ್ಲೆಗಳನ್ನೇ. ಅಡುಗೆ ತಡವಾದರೂ ಪರವಾಗಿಲ್ಲ, ನಿಲ್ಲದಂತೆ ನೋಡಿಕೊಳ್ಳಿ. ಇದಕ್ಕಿಂತ ಗಟ್ಟಿಯಾದ ಆಸರೆ ವಿದ್ಯಾರ್ಥಿನಿಲಯ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲ್‌ಗಳಿಗೆ ಪ್ರವೇಶ ನಡೆಯುವುದು ಶಾಲೆ ಆರಂಭವಾಗುವ ತಿಂಗಳುಗಳಲ್ಲಿ, ಜನ ಗುಳೆ ಹೊರಡುವುದು ಅದಾದ ಎಷ್ಟೋ ದಿನಗಳ ಮೇಲೆ; ಹೊರಡುವಾಗ ಹಾಸ್ಟೆಲ್ ಕೇಳಿದರೆ ಜಾಗ ಇರುವುದಿಲ್ಲ. ಹೋದ ವರ್ಷ ಯಾವ ಮನೆಗಳಿಗೆ ಬೀಗ ಬಿದ್ದಿತ್ತು ಎಂಬುದು ಹಳೆಯ ಹಾಜರಿ ಪುಸ್ತಕದಲ್ಲೇ ಸಿಗುತ್ತದೆ. ಜೂನ್‌ನಲ್ಲಿಯೇ ಆ ಮನೆಗಳಿಗೆ ಹೋಗಿ ಅರ್ಜಿ ಹಾಕಿಸಬೇಕು, ಜಾತಿ ಆದಾಯ ಪ್ರಮಾಣಪತ್ರಗಳನ್ನು ಮಾಡಿಸಿಕೊಳ್ಳಲು ಹೇಳಬೇಕು.

ತಾವು ಬಂದು ಸೇರಿದ ಕೂಡಲೇ ಒಂಬತ್ತು, ಹತ್ತನೆಯ ತರಗತಿಗಳ ಕಳೆದ ವರ್ಷದ ಹಾಜರಿ ಪುಸ್ತಕವನ್ನು ತೆಗೆಸಿ, ನವೆಂಬರಿನಿಂದ ಫೆಬ್ರವರಿವರೆಗಿನ ಪುಟಗಳನ್ನು ನೋಡಿ. ಪ್ರತಿ ಮಗುವಿನ ಹೆಸರಿನ ಮುಂದೆ ಪೋಷಕರ ಫೋನ್ ಸಂಖ್ಯೆಯ ಜೊತೆಗೆ ಊರಲ್ಲೇ ಉಳಿಯುವ ಅಜ್ಜಿ, ದೊಡ್ಡಪ್ಪ ಅಥವಾ ಪಕ್ಕದ ಮನೆಯವರ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಗುಳೆ ಹೋದವರ ಸಂಖ್ಯೆ ಬಹಳ ಸಲ ಬದಲಾಗಿರುತ್ತದೆ. ಸತತ ಮೂರು ದಿನ ಬಾರದ ಮಗುವಿನ ಮನೆಗೆ ನಾಲ್ಕನೆಯ ದಿನವೇ ಹೋಗಿ. ಮಗುವನ್ನು ಬಲವಂತವಾಗಿ ದುಡಿಸುತ್ತಿದ್ದಾರೆಂದು ಖಚಿತವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಿಂಗಳ ಕೊನೆಗೆ ಶೇಕಡಾವಾರು ಲೆಕ್ಕ ತೆಗೆದು, ಶೇ. 80ಕ್ಕಿಂತ ಕೆಳಗಿಳಿದವರ ಪಟ್ಟಿಯನ್ನು ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಯವರಿಗೂ ಕೊಡಿ. ಡಿಸೆಂಬರಿನಲ್ಲಿ ಆ ಪಟ್ಟಿ ಕೈಯಲ್ಲಿದ್ದರೆ ಉಳಿದ ದಿನಗಳಲ್ಲಿ ಕೊರತೆ ತುಂಬಿಸಲು ಇನ್ನೂ ಸಮಯವಿರುತ್ತದೆ, ಫೆಬ್ರವರಿಯಲ್ಲಿ ಇರುವುದಿಲ್ಲ.