ಪ್ರತಿಕ್ರಿಯೆ: ‘ಯಾರಿಗೆ ಹಾಕಿದರೂ ಪಕ್ಷ ಬದಲಿಸುತ್ತಾರೆ’ ಎನ್ನುವ ಅಪ್ಪ

ಪುಣೆಯಲ್ಲಿರುವ ನಿಮ್ಮ ಅಪ್ಪ ಹೀಗೆ ಹೇಳಿ ಮತ ಹಾಕಲು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಅವರಿಗೆ ಇರುವುದು ಸೋಮಾರಿತನ ಅಲ್ಲ, ಮೋಸ ಹೋದ ಸಿಟ್ಟು. ಮಹಾರಾಷ್ಟ್ರದಲ್ಲಿ 2022ರಲ್ಲಿ ಶಿವಸೇನೆ, 2023ರಲ್ಲಿ ಎನ್‌ಸಿಪಿ ಪಕ್ಷ ಒಡೆದದ್ದನ್ನು ಪುಣೆಯಲ್ಲೇ ಕೂತು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ ಅಲ್ವಾ? ಅವರ ಹೆಸರು ಇನ್ನೂ ಹುಬ್ಬಳ್ಳಿಯ ಮತದಾರರ ಪಟ್ಟಿಯಲ್ಲೇ ಇದೆ ಎಂದಿರಿ. ಬಹುಶಃ ಅರ್ಧ ಬೇಸರ ಅಲ್ಲಿಂದಲೇ ಬಂದಿರಬಹುದು.

ಮೊದಲು ಅದನ್ನು ಸರಿಮಾಡಿ. ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ವಿಳಾಸ ಬದಲಾವಣೆಯ ಫಾರ್ಮ್ 8 ತುಂಬಿ, ಪುಣೆ ವಿಳಾಸದ ದಾಖಲೆ ಹಾಕಿ. ಫಾರ್ಮ್ 6 ಬೇಡ, ಅದು ಹೊಸ ಮತದಾರರಿಗೆ. ಗೊಂದಲವಾದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಚುನಾವಣೆ ಘೋಷಣೆ ಆಗಲಿ ಅಂತ ಮಾತ್ರ ಕಾಯಬೇಡಿ.

ಆಮೇಲೆ, ಪಕ್ಷದ ಮಾತು ಬಿಟ್ಟು ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ (ಪ್ರಮಾಣಪತ್ರ) ತೋರಿಸಿ. ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿರುತ್ತದೆ. ನಮ್ಮ ಅಪ್ಪನೂ ಹೀಗೇ ಹಟ ಹಿಡಿದಿದ್ದರು. ಮೂವರದ್ದು ಪ್ರಿಂಟ್ ತೆಗೆದು, ಮರಾಠಿಯಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೆನ್ಸಿಲ್ ಹಿಡಿದು ಕೇಸುಗಳ ಕೆಳಗೆ ಗೆರೆ ಎಳೆಯುತ್ತಾ ಹೋದರು. ಚಹಾ ಆರಿದ್ದೂ ಗೊತ್ತಾಗಲಿಲ್ಲ. ವಾದ ಮಾಡಿದ್ದರೆ ಸುಮ್ನೆ ಜಗಳ ಆಗುತ್ತಿತ್ತು.

ಯಾರೂ ಬೇಡ ಅಂದರೆ ನೋಟಾ (‘ಮೇಲಿನ ಯಾರೂ ಅಲ್ಲ’ ಎನ್ನುವ ಗುಂಡಿ) ಇದೆ, 2013ರಿಂದ. ಆದರೆ ಲೋಕಸಭೆ, ವಿಧಾನಸಭೆಯಲ್ಲಿ ನೋಟಾಗೆ ಜಾಸ್ತಿ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಅದನ್ನು ಮುಚ್ಚಿಡದೆ ಹೇಳಿ. ನಿಮ್ಮ ಅಪ್ಪ ಒಪ್ಪುತ್ತಾರೋ ಇಲ್ಲವೋ ಹೇಳಲಾರೆ, ಫಾರ್ಮ್ 8 ಮಾತ್ರ ಈ ವಾರವೇ ಹಾಕಿಸಿ.